ಬಂಗಾರಕ್ಕನ ಬಾಯಿ

ತೊಗಲುಗೊಂಬೆಯಾಟದ ಬಗ್ಗೆ ಬರೆದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಚರ್ಮ ಹದಮಾಡುವ ರೀತಿ, ಬಣ್ಣ, ಪ್ರಸಂಗಗಳು, ಆಡಿಸುವವರ ಕುಲ, ಅವರ ಅಲೆದಾಟ, ಎಲ್ಲದರ ಬಗ್ಗೆಯೂ ಬೇಕಾದಷ್ಟು ವಿವರ ಸಿಗುತ್ತದೆ. ಸೀತೆ, ದ್ರೌಪದಿಯರ ಗೊಂಬೆಗಳ ಕುಸುರಿಯನ್ನು ಕೊಂಡಾಡಿದವರೂ ಇದ್ದಾರೆ. ಬಂಗಾರಕ್ಕನ ಸರದಿ ಬಂದಾಗ ಮಾತ್ರ ಒಂದೇ ಸಾಲು: ಕಿಳ್ಳೇಕ್ಯಾತನ ಹೆಂಡತಿ, ಹಾಸ್ಯಪಾತ್ರ, ಮಾತು ಅಶ್ಲೀಲ. ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷಕ್ಕೆ ಹತ್ತಿರ ಪಾಠ ಹೇಳಿಕೊಂಡು ಬಂದಿರುವ ನನಗೆ ಈ ಸಾಲು ಅಂಕಪಟ್ಟಿಯ ಕೊನೆಯಲ್ಲಿ ಬರೆಯುವ 'ನಡತೆ: ಸಾಧಾರಣ' ಎಂಬ ಷರಾದ ಹಾಗೆ ಕಾಣುತ್ತದೆ. ಹುಡುಗಿ ತರಗತಿಯಲ್ಲಿ ಏನು ಕೇಳಿದಳು, ಏಕೆ ಕೇಳಿದಳು ಎಂಬುದು ಅದರಲ್ಲಿ ಇರುವುದಿಲ್ಲ. ಜೋರಾಗಿ ಮಾತಾಡಿದಳು ಎಂಬುದಷ್ಟೇ ಇರುತ್ತದೆ.

ಪೇಟೆಯಲ್ಲಿ ಹುಟ್ಟಿ ಬೆಳೆದ ಓದುಗರಲ್ಲಿ ಈ ಆಟ ನೋಡದವರೂ ಇರಬಹುದು. ಅವರಿಗಾಗಿ ನಾಲ್ಕು ಮಾತು. ಗೊಂಬೆರಾಮರು, ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದೆಲ್ಲ ಕರೆಯುವ ಈ ಜನ ಮನೆಯೊಳಗೆ ಮರಾಠಿ ಬೆರೆತ ಮಾತಾಡುತ್ತಾರೆ. ಪರದೆಯ ಹಿಂದೆ ಕೂತರೆ ಅಚ್ಚಗನ್ನಡ. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಸಣ್ಣ ಉಳಿಯಿಂದ ತೂತು ಹೊಡೆದು, ಎರಡೂ ಕಡೆ ಬಣ್ಣ ಹಚ್ಚಿ ಗೊಂಬೆ ಮಾಡುತ್ತಾರೆ. ಬಿಳಿ ಬಟ್ಟೆಯ ಪರದೆ, ಅದರ ಹಿಂದೆ ಹಿಂದಿನ ಕಾಲಕ್ಕೆ ಎಣ್ಣೆ ದೀಪ, ಆಮೇಲೆ ಕರೆಂಟು ಬಲ್ಬು. ಒಂದು ಮೇಳ ಎಂದರೆ ಸಾಮಾನ್ಯವಾಗಿ ಒಂದು ಮನೆ. ಗಂಡ ಗೊಂಬೆ ಆಡಿಸಿದರೆ ಹೆಂಡತಿ ಪಕ್ಕದಲ್ಲಿ ಕೂತು ಹಾಡುತ್ತಾಳೆ, ಹೆಣ್ಣು ಪಾತ್ರಗಳಿಗೆ ಮಾತು ಕೊಡುತ್ತಾಳೆ. ಮಗನೋ ಮೈದುನನೋ ಮದ್ದಳೆಗೆ ಕೂರುತ್ತಾನೆ. ಮಳೆ ಬರಲಿ ಎಂದೂ, ದನಕರುಗಳಿಗೆ ರೋಗ ತಗುಲದಿರಲಿ ಎಂದೂ ಊರಿನವರು ಹಣ ಕೂಡಿಸಿ ಇವರನ್ನು ಕರೆಸಿ ಆಡಿಸುವ ವಾಡಿಕೆ ಇತ್ತು. ಮೊದಲು ಗಣಪತಿ ಬರುತ್ತಾನೆ, ಸರಸ್ವತಿ ಬರುತ್ತಾಳೆ. ಪೂಜೆಯ ಭಾಗ ಮುಗಿಯುತ್ತಲೇ ಕಿಳ್ಳೇಕ್ಯಾತ ಕುಣಿಯುತ್ತ ಬರುತ್ತಾನೆ, ಅವನ ಹಿಂದೆಯೇ ಬಂಗಾರಕ್ಕ. ಕಥೆ ಶುರುವಾದ ಮೇಲೂ ಇವರಿಬ್ಬರೂ ಮನೆಗೆ ಹೋಗುವುದಿಲ್ಲ. ರಾಮನ ಕಾಡಿಗೂ ವಿರಾಟನ ಊರಿಗೂ ಕರೆಯದೆ ಬರುವ ನೆಂಟರು ಇವರು.

ಈ ಗೊಂಬೆಗಳಿಗೆ ಅಂತಸ್ತಿಗೆ ತಕ್ಕ ಅಳತೆ. ರಾಜ ದೊಡ್ಡವನು, ಆಳು ಚಿಕ್ಕವನು. ಆಭರಣ ಎಂದರೆ ಇಲ್ಲಿ ಚರ್ಮದಲ್ಲಿ ಹೊಡೆದ ತೂತು. ತೂತು ಹೆಚ್ಚಾದಷ್ಟೂ ದೀಪದ ಬೆಳಕು ಹಾದು ಒಡವೆ ಮಿನುಗುತ್ತದೆ. ಸೀತೆಯ ಗೊಂಬೆಯನ್ನು ಕೈಗೆತ್ತಿಕೊಂಡು ನೋಡಿದರೆ ಕೊರಳಿಂದ ಸೆರಗಿನವರೆಗೆ ಜಾಲರಿಯಂತೆ ತೂತುಗಳು. ನಾನು ಹತ್ತಿರದಿಂದ ನೋಡಿದ ಬಂಗಾರಕ್ಕನಲ್ಲಿ ತೂತು ಬಹಳ ಕಡಿಮೆ. ಕರಿಯ ಮೈ, ಚಪ್ಪಟೆ ಮೂಗು, ದಪ್ಪ ತುಟಿ, ಎದೆ ಸೊಂಟಗಳು ಅಳತೆ ಮೀರಿ. ಪರದೆಯ ಮೇಲೆ ಅವಳ ನೆರಳು ಗಟ್ಟಿಯಾಗಿ, ಇಡಿಯಾಗಿ ಬೀಳುತ್ತದೆ. ಮೈಮೇಲೆ ಗುಲಗಂಜಿ ತೂಕದ ಚಿನ್ನವಿಲ್ಲದವಳಿಗೆ ಬಂಗಾರಕ್ಕ ಎಂದು ಹೆಸರಿಟ್ಟವರು ಯಾರೋ, ಅವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ಆದರೆ ಕೈ, ಸೊಂಟ ಆಡಲು ಅವಳಿಗೆ ಕೀಲುಗಳಿದ್ದವು. ಸೀತೆಗೆ ಒಂದೇ ಕೈ ಆಡುತ್ತಿತ್ತು, ಅದೂ ಕಣ್ಣೀರು ಒರೆಸುವಷ್ಟು. ಇನ್ನೊಂದು ಮಾತು: ಸೀತೆಯನ್ನು ಜನ ತಾಯಿ ಎನ್ನುತ್ತಾರೆ, ಅಮ್ಮ ಎನ್ನುತ್ತಾರೆ. ಅಕ್ಕ ಎಂದು ಯಾರೂ ಕರೆಯುವುದಿಲ್ಲ. ಅಕ್ಕ ಎಂದರೆ ಪಕ್ಕದ ಮನೆಯವಳು, ಹಿಟ್ಟು ಕಡ ಕೇಳಬಹುದಾದವಳು.

ನಾನು ನೋಡಿದ ಮೊದಲ ಆಟ ನಮ್ಮಮ್ಮನ ತವರಿನಲ್ಲಿ, ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ. 1979ರ ಸುಮಾರು, ನಾನು ನಾಲ್ಕನೆಯ ಕ್ಲಾಸು. ಮಳೆ ಕೈಕೊಟ್ಟಿತ್ತು. ಹೊಲದಲ್ಲಿ ರಾಗಿ ಪೈರು ಗೇಣುದ್ದಕ್ಕೇ ನಿಂತಿತ್ತು. ಮಾರಿಗುಡಿಯ ಮುಂದೆ ಗಳು ನೆಟ್ಟು ಕಂಬಳಿ ಮರೆಕಟ್ಟಿ ಪರದೆ ಬಿಗಿದಿದ್ದರು. ಅಂದು ರಾಮ ಕಾಡಿಗೆ ಹೋಗುವ ಪ್ರಸಂಗ. ಕೈಕೇಯಿ ವರ ಕೇಳಿಯಾಯಿತು, ದಶರಥ ಬಿದ್ದದ್ದೂ ಆಯಿತು, ಸೀತೆ ತಾನೂ ಬರುತ್ತೇನೆಂದು ಹಟ ಹಿಡಿದದ್ದೂ ಆಯಿತು. ಜನ ಮೂಗು ಒರೆಸಿಕೊಳ್ಳುತ್ತ ಕೂತಿದ್ದಾಗ ಈ ಜೋಡಿ ಬಂತು. ಮಾತು ಹೆಚ್ಚುಕಡಿಮೆ ಹೀಗಿತ್ತು.

"ಲೇ ಬಂಗಾರಿ, ರಾಮದೇವ್ರು ಕಾಡಿಗೆ ಹೊಂಟವ್ರೆ ಕಣೇ. ನಾನೂ ಹೊಂಟೆ. ನೀನೂ ಸೀತಮ್ಮನಂಗೆ ನನ್ನಿಂದೆ ಬಾ."

"ಹೋಗೋನು ಹೋಗು. ಅಂಗಡಿ ಬಾಕಿ ತೀರಿಸಿಬುಟ್ಟು ಹೋಗು."

"ಗಂಡ ಹೋದ ಕಡೆ ಹೆಂಡ್ತಿ ಬರಬೇಕು ಕಣೇ, ಧರ್ಮ."

"ಎಷ್ಟು ವರ್ಷ ಅಂದೆ? ಹದಿನಾಲ್ಕಾ? ಹದಿನಾಲ್ಕು ವರ್ಷಕ್ಕೆ ಎಷ್ಟು ಪಲ್ಲ ರಾಗಿ ಆಯ್ತದೆ, ಲೆಕ್ಕ ಆಕಿದ್ದೀಯಾ? ಸೀತಮ್ಮ ಹೊಂಟ್ರೆ ಅರಮನೇಲಿ ಒಲೆ ಹಚ್ಚಾಕೆ ಆಳವ್ರೆ. ನಾನು ಹೊಂಟ್ರೆ ಎಮ್ಮೆ ಕರೆಯೋರು ಯಾರು, ನಿಮ್ಮವ್ವನಾ?"

ಆಮೇಲೆ ಅವಳು ಬೆರಳು ಮಡಿಸುತ್ತ ಲೆಕ್ಕಕ್ಕೆ ಇಳಿದಳು. ಹದಿನಾಲ್ಕು ಯುಗಾದಿ, ಹದಿನಾಲ್ಕು ಗೌರಿ, ಅಷ್ಟರಲ್ಲಿ ದೊಡ್ಡ ಮಗಳು ಮೈನೆರೆಯುತ್ತಾಳೆ, ಅವಳ ಮದುವೆ, ಅವಳ ಬಾಣಂತನ, ಎಮ್ಮೆ ಎಷ್ಟು ಸಲ ಈಯುತ್ತದೆ, ಅತ್ತೆ ಸಾಯದೆ ಇದ್ದರೆ ಆ ಖರ್ಚು ಎಷ್ಟು. ಹೆಂಗಸರ ಕಡೆಯಿಂದ ಎದ್ದ ನಗು ಇನ್ನೂ ನೆನಪಿದೆ. ಗಟ್ಟಿಯಾಗಿ ನಕ್ಕದ್ದನ್ನು ನಾನು ಅದುವರೆಗೆ ನೋಡಿಯೇ ಇರದ ನಮ್ಮಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದರು.

ಹಾಸ್ಯಪಾತ್ರಗಳ ಬಗ್ಗೆ ಪಂಡಿತರು ಹೇಳುವ ಸಮಾಧಾನ ಒಂದಿದೆ. ರಾತ್ರಿಯಿಡೀ ನಡೆಯುವ ಆಟ, ಜನ ತೂಕಡಿಸುತ್ತಾರೆ, ಕರುಣರಸ ಹೆಚ್ಚಾದರೆ ಮನಸ್ಸಿಗೆ ಭಾರ, ಆದ್ದರಿಂದ ನಡುವೆ ಸ್ವಲ್ಪ ನಗಿಸುವುದು. ಇದು ಸುಳ್ಳೇನಲ್ಲ. ಎರಡನೆಯ ಜಾವದಲ್ಲಿ ಕಿಳ್ಳೇಕ್ಯಾತ ಬರದಿದ್ದರೆ ನಮ್ಮಂಥ ಮಕ್ಕಳು ಅಲ್ಲೇ ಉರುಳುತ್ತಿದ್ದೆವು. ಆದರೆ ಆ ರಾತ್ರಿ ಬಂಗಾರಕ್ಕ ಮಾಡಿದ್ದು ಬರೀ ಎಚ್ಚರಿಸುವ ಕೆಲಸವಾಗಿರಲಿಲ್ಲ. ಹದಿನಾಲ್ಕು ವರ್ಷ ಎಂಬುದನ್ನು ನಾವೆಲ್ಲ ಹುಟ್ಟಿದಾಗಿನಿಂದ ಕೇಳಿದ್ದೇವೆ. ಕೇಳಿ ಕೇಳಿ ಅದು ಹರಳುಗಟ್ಟಿದ ಮಾತು. ಏಳು ಸಮುದ್ರ, ಹದಿನಾಲ್ಕು ಲೋಕ ಎಂದ ಹಾಗೆ. ಬಂಗಾರಕ್ಕ ಅದನ್ನು ಬಿಡಿಸಿ ಯುಗಾದಿ ಗೌರಿ ಬಾಣಂತನಗಳ ಲೆಕ್ಕಕ್ಕೆ ತಂದಳು. ಅವಳು ಮರೆಯಾದ ಮೇಲೆ ಸೀತೆ ನಾರುಮಡಿ ಉಟ್ಟು ಹೊರಟಾಗ ಜನರ ಕಣ್ಣ ಮುಂದೆ ಹೋದದ್ದು ನಿಜವಾದ ಹದಿನಾಲ್ಕು ವರ್ಷ. ನಕ್ಕ ಹೆಂಗಸರೇ ಈಗ ಮೊದಲಿಗಿಂತ ಹೆಚ್ಚು ಅತ್ತರು. ಭಾರ ಇಳಿಸಲು ಬಂದವಳು ಭಾರ ಹೇರಿ ಹೋಗಿದ್ದಳು.

ಇನ್ನೊಂದು ಸಂಗತಿ. ಮಕ್ಕಳಾದ ನಾವು ಕಂಬಳಿಯ ಸಂದಿನಿಂದ ಪರದೆಯ ಹಿಂದಕ್ಕೆ ಇಣುಕುತ್ತಿದ್ದೆವು. ಅಲ್ಲಿ ಕೂತು ಹಾಡುತ್ತಿದ್ದವಳು ಒಬ್ಬಳೇ ಹೆಂಗಸು, ಮಡಿಲಲ್ಲಿ ಮಲಗಿದ್ದ ಕೂಸು. ಎಮ್ಮೆ ಕರೆಯೋರು ಯಾರು ಎಂದು ಗಂಟಲು ಕಿತ್ತುಹೋಗುವಂತೆ ಅರಚಿದವಳೂ ಅವಳೇ, ಅದಾದ ಕ್ಷಣವೇ ಸೀತೆಯ ದುಃಖವನ್ನು ಎಳೆಎಳೆಯಾಗಿ ಹಾಡಿದವಳೂ ಅವಳೇ. ನಡುವೆ ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡಳು, ಅಷ್ಟೆ. ಈಗಿನವರು ಕೆಲವರು ಬಂಗಾರಕ್ಕನನ್ನು ಸೀತೆಗೆ ಎದುರಾಳಿ ಎಂದು ನಿಲ್ಲಿಸಲು ನೋಡುತ್ತಾರೆ. ಅವಳು ಬಂಡಾಯಗಾರ್ತಿ, ಪುರಾಣವನ್ನು ಲೇವಡಿ ಮಾಡಿದವಳು ಎನ್ನುತ್ತಾರೆ. ನನಗೆ ಒಪ್ಪಿಗೆಯಾಗುವುದಿಲ್ಲ. ಲೇವಡಿಯಾಗಿದ್ದರೆ ಮರುಗಳಿಗೆಯಲ್ಲಿ ಅದೇ ಗಂಟಲು ಆ ಹಾಡನ್ನು ಹಾಗೆ ಹಾಡಲು ಆಗುತ್ತಿರಲಿಲ್ಲ. ಹಗಲೆಲ್ಲ ಗಂಡನ ಹತ್ತಿರ ಕಾಸಿಗೆ ಕಾಸು ಜಗಳವಾಡಿ, ಸಂಜೆ ದೀಪ ಹಚ್ಚಿ ಸೀತೆಯ ಹಾಡು ಹೇಳುವ ಹೆಂಗಸರನ್ನು ನಾವು ನೋಡಿಲ್ಲವೇ? ಎರಡೂ ಅವರದೇ. ಈ ಆಟ ಅವೆರಡಕ್ಕೂ ಒಂದೊಂದು ಗೊಂಬೆ ಮಾಡಿತು, ಧ್ವನಿ ಒಂದೇ ಇಟ್ಟಿತು. ಈ ಕಲೆಯ ಅತ್ಯಂತ ದೊಡ್ಡ ಗುಣ ನನಗೆ ಇದರಲ್ಲೇ ಕಾಣುವುದು. ಪರದೆಯ ಮುಂದೆ ಕೂತು ಟಿಪ್ಪಣಿ ಮಾಡಿಕೊಂಡವರ ಕಣ್ಣಿಗೆ ಅದು ಬೀಳದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಅಶ್ಲೀಲದ ಮಾತು. ಇಲ್ಲವೆಂದು ಹೇಳಿ ಬಂಗಾರಕ್ಕನನ್ನು ಉಳಿಸುವ ಆಸೆ ನನಗಿಲ್ಲ. ಇತ್ತು, ಧಾರಾಳವಾಗಿ ಇತ್ತು. ಹಾಸಿಗೆಯ ವಿಷಯ, ಗಂಡನ ಕೈಲಾಗದ ವಿಷಯ, ಅವಳ ಮೈಯ ವಿಷಯ. ಮಕ್ಕಳು ಮಲಗಿರುತ್ತಾರೆ ಎಂದು ದೊಡ್ಡವರು ನಂಬಿಕೊಳ್ಳುತ್ತಿದ್ದರು, ನಾವೂ ಮಲಗಿದಂತೆ ನಟಿಸುತ್ತಿದ್ದೆವು. ಆದರೆ ಅದೇ ಊರಿನ ಮದುವೆಗಳಲ್ಲಿ ಬೀಗರನ್ನು ಹಂಗಿಸಿ ಹಾಡುವಾಗ ಹೆಂಗಸರು ಬಿಡುತ್ತಿದ್ದ ಮಾತುಗಳು ಇದಕ್ಕಿಂತ ಒಂದು ಹಿಡಿ ಉಪ್ಪು ಹೆಚ್ಚೇ ಇದ್ದವು. ಒರಳುಕಲ್ಲಿನ ಮುಂದೆ ಆಡಿಕೊಳ್ಳುತ್ತಿದ್ದ ಮಾತು ಕೇಳಿದರೆ ಕಿಳ್ಳೇಕ್ಯಾತನೇ ನಾಚಿ ಓಡಬೇಕು. ಬಂಗಾರಕ್ಕನ ಮಾತಿಗೆ ಆ ಹೆಂಗಸರು ಮುಜುಗರಪಟ್ಟದ್ದನ್ನು ನಾನು ನೋಡಲಿಲ್ಲ. ಮುಜುಗರವಾದದ್ದು ಆಮೇಲೆ, ನಾವು ಓದಿ, ಪೇಟೆ ಸೇರಿ, ಕುರ್ಚಿಯ ಮೇಲೆ ಗಂಡಸರ ಜೊತೆ ಕೂತು ನೋಡಲು ಶುರುಮಾಡಿದ ಮೇಲೆ.

ನನ್ನನ್ನು ಕಾಡುವುದು ಬೇರೆ ಎರಡು ವಿಷಯ. ಒಂದು ಹೊಡೆತ. ಕಿಳ್ಳೇಕ್ಯಾತ ಅವಳನ್ನು ಹೊಡೆಯುತ್ತಾನೆ. ಅವಳೂ ಪೊರಕೆ ಹಿಡಿದು ತಿರುಗಿ ಬಾರಿಸುತ್ತಾಳೆ, ನಿಜ. ಗೊಂಬೆಗೆ ಗೊಂಬೆ ಪಟಪಟನೆ ತಾಕುವ ಶಬ್ದಕ್ಕೆ ಮದ್ದಳೆಯವನು ಪೆಟ್ಟು ಸೇರಿಸುತ್ತಾನೆ, ಸಭೆಯೆಲ್ಲ ಹೋ ಎನ್ನುತ್ತದೆ. ಪರದೆಯ ಮೇಲೆ ಏಟು ಸರಿಸಮ. ಮನೆಯಲ್ಲಿ ಹಾಗಿರುವುದಿಲ್ಲ ಎಂಬುದು ಎದುರಿಗೆ ಕೂತ ಪ್ರತಿ ಹೆಂಗಸಿಗೂ ಗೊತ್ತು. ಆ ಗಳಿಗೆಯಲ್ಲಿ ಗಂಡಸರ ಕಡೆಯ ನಗು ಹೆಚ್ಚು, ಹೆಂಗಸರ ಕಡೆಯದು ಕಡಿಮೆ. ಇದನ್ನು ನಾನು ದೊಡ್ಡವಳಾದ ಮೇಲೆ, ಗುಬ್ಬಿ ತಾಲ್ಲೂಕಿನ ಶಾಲೆಗಳಲ್ಲಿ ಕೆಲಸದಲ್ಲಿದ್ದಾಗ ನೋಡಿದ ಆಟಗಳಲ್ಲಿ ಬೇಕೆಂದೇ ಗಮನಿಸಿದ್ದೇನೆ. ಬಂಗಾರಕ್ಕನ ಬಾಯಿಂದ ಬಂದ ಜವಾಬಿಗೆ ನಗುವವರು ಒಬ್ಬರು, ಅವಳ ಬೆನ್ನಿಗೆ ಬಿದ್ದ ಏಟಿಗೆ ನಗುವವರು ಇನ್ನೊಬ್ಬರು. ಎರಡನ್ನೂ ಸೇರಿಸಿ ಹಾಸ್ಯರಸ ಎಂದು ಒಂದೇ ಡಬ್ಬಿಗೆ ಹಾಕುವುದು ವಿಮರ್ಶೆಯ ಸೋಮಾರಿತನ.

ಇನ್ನೊಂದು ಬಣ್ಣ. ಕರಿಯಳು, ದಪ್ಪನೆಯವಳು, ಮೂಗಿಲ್ಲದವಳು, ಅಂದಮೇಲೆ ನಗಲು ಅಡ್ಡಿಯಿಲ್ಲ. ಈ ಲೆಕ್ಕವನ್ನು ಗೊಂಬೆ ಮಾಡಿದವರು ಹೊಸದಾಗಿ ಹುಟ್ಟಿಸಲಿಲ್ಲ, ಊರಲ್ಲಿ ಇದ್ದದ್ದನ್ನೇ ಚರ್ಮಕ್ಕೆ ಇಳಿಸಿದರು. ವಿಚಿತ್ರವೆಂದರೆ ಆ ಗೊಂಬೆ ಮಾಡಿದವರ ಮನೆಯ ಹೆಂಗಸರೇ ಬಿಸಿಲಲ್ಲಿ ಊರೂರು ಅಲೆದು ಕಪ್ಪಾದವರು. ಬಡತನ, ಕಪ್ಪು, ಜೋರು ಬಾಯಿ ಮೂರನ್ನೂ ಒಂದು ಗೊಂಬೆಗೆ ಕೊಟ್ಟು, ಬೆಳಕು ಹಾಯುವ ಒಡವೆಗಳನ್ನೆಲ್ಲ ಇನ್ನೊಂದು ಗೊಂಬೆಗೆ ಕೊಟ್ಟರಲ್ಲ ಎಂದು ಒಂದೊಂದು ಸಲ ಸಿಟ್ಟು ಬರುತ್ತದೆ. ಮಕ್ಕಳು ಜಗಳವಾಡುವಾಗ 'ಹೋಗೇ ಕಿಳ್ಳೇಕ್ಯಾತಿ' ಎಂದು ಬಯ್ದದ್ದನ್ನು ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದು ಒಂದು ಜನಾಂಗದ ಹೆಸರು ಎಂದು ತಿಳಿಸಿ ಹೇಳಿದರೆ ಹುಡುಗಿಯರು ಪಿಳಿಪಿಳಿ ನೋಡುತ್ತಾರೆ. ಒಂದು ಕುಲಕ್ಕೆ ಅದರ ನಗೆಗಾರನ ಹೆಸರೇ ಅಂಟಿಕೊಂಡು, ಆಮೇಲೆ ಅದೇ ಬೈಗುಳವೂ ಆಗಿಬಿಟ್ಟಿದೆ.

ಗುಬ್ಬಿಯ ಮಾತು ಬಂದಮೇಲೆ ವೀರಣ್ಣನವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ಅದರಲ್ಲಿ ಬೆಳೆದು ಅದರ ಯಜಮಾನರೇ ಆದ ವೀರಣ್ಣನವರು (1891-1972) ಮೊದಲ ಮಾತಿಗೆ ಹಾಸ್ಯನಟರು. 'ಸದಾರಮೆ'ಯಲ್ಲಿ ಅವರ ಕಳ್ಳನ ಪಾತ್ರದ ಸುದ್ದಿಯನ್ನು ಗುಬ್ಬಿಯ ಹಳಬರು ನೆನ್ನೆ ನೋಡಿದವರಂತೆ ಹೇಳುತ್ತಿದ್ದರು. ಆ ಕಳ್ಳನ ಮಾತಿನಲ್ಲೂ ಮರ್ಯಾದೆಯ ಗೆರೆ ಅಲ್ಲಲ್ಲಿ ದಾಟುತ್ತಿತ್ತು ಎಂದು ಅವರೇ ಕಣ್ಣು ಮಿಟುಕಿಸಿ ಹೇಳುವುದಿತ್ತು. ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಬಂತು, ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ರಂಗಭೂಮಿಯವರಿಗೆ ಪ್ರಶಸ್ತಿ ಕೊಡುತ್ತದೆ, ನಮ್ಮ ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರ ಇದೆ. ಎಲ್ಲವೂ ಆಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇಷ್ಟೆ: ಗಂಡಸು ನಗಿಸಿದರೆ ಅದು ಕಲೆಯಾಯಿತು. ನಗಿಸುವ ಹೆಂಗಸಿಗೆ ಅದೇ ಗೌರವ ಎಲ್ಲಿದೆ? ಕಂಪನಿ ನಾಟಕಗಳಲ್ಲಿ ಹೆಸರಾದ ನಟಿಯರು ಇದ್ದರು, ಬಿ. ಜಯಮ್ಮನವರಂಥವರ ಹಾಡು, ಅಭಿನಯಗಳನ್ನು ಮರೆತವರಿಲ್ಲ. ಅವರಿಗೆ ಸಿಕ್ಕ ಹೆಸರು ನಾಯಕಿಯ ಹೆಸರು. ಸದಾರಮೆಯೂ ಕಳ್ಳನ ಕೈಯಿಂದ ಉಪಾಯವಾಗಿ ಪಾರಾಗುವ ಜಾಣೆಯೇ, ಆದರೂ ಚಪ್ಪಾಳೆ ಕಳ್ಳನಿಗೆ.

ದೂರದ ಜಾವಾ ದ್ವೀಪದಲ್ಲಿಯೂ ನಮ್ಮ ರಾಮಾಯಣ ಮಹಾಭಾರತಗಳನ್ನೇ ತೊಗಲುಗೊಂಬೆಯಲ್ಲಿ ಆಡುತ್ತಾರೆ. ವಯಾಂಗ್ ಎಂದು ಅದಕ್ಕೆ ಹೆಸರು. ಎಮ್ಮೆಯ ಚರ್ಮದ ಗೊಂಬೆ, ರಾತ್ರಿಯಿಡೀ ಆಟ, ಯುನೆಸ್ಕೋ 2003ರಲ್ಲಿಯೇ ಅದಕ್ಕೆ ಮನ್ನಣೆ ಕೊಟ್ಟಿತು. ಅಲ್ಲಿ ನಮ್ಮ ಶಿಖಂಡಿ ಶ್ರೀಕಾಂಡಿಯಾಗಿ ಪೂರ್ತಿ ಹೆಣ್ಣು, ಬಿಲ್ಲು ಹಿಡಿದ ಶೂರೆ, ಅರ್ಜುನನ ಹೆಂಡತಿ. ಅವಳ ಬಗ್ಗೆ ಬರೆದವರು ಬೇಕಾದಷ್ಟು ಜನ. ಬಂಗಾರಕ್ಕನ ನೆಂಟರು ಯಾರಾದರೂ ಅಲ್ಲಿದ್ದಾರೆಯೇ ಎಂದು ನಾನು ಹುಡುಕಿದ್ದು ಅರಮನೆಯ ಹಿಂಬಾಗಿಲಲ್ಲಿ. ಇದ್ದಾರೆ! ಚಾಂಗಿಕ್, ಲಿಂಬುಕ್ ಎಂಬ ತಾಯಿ ಮಗಳು. ರಾಣೀವಾಸದ ದಾಸಿಯರು. ತಾಯಿ ಕಡ್ಡಿಯಂತೆ ಸಣಕಲು, ಮಗಳು ಗುಡಾಣದಂತೆ ದಪ್ಪ. ರಾಣಿಯ ದೃಶ್ಯ ಮುಗಿದ ಮೇಲೆ ಈ ಇಬ್ಬರು ಬಂದು ಮಗಳ ಮದುವೆಯ ಚಿಂತೆ, ಹಾಡು, ಹರಟೆ, ದೊರೆಗಳ ಮೇಲೆ ಒಂದೆರಡು ಚುಚ್ಚು ಮಾತು ಎಂದು ಕಾಲ ಕಳೆಯುತ್ತಾರೆ. ನಮ್ಮಲ್ಲಿ ಬಂಗಾರಕ್ಕನ ಭಾಗ ಕತ್ತರಿಗೆ ಸಿಕ್ಕಿ ಚಿಕ್ಕದಾದರೆ, ಅಲ್ಲಿ ಇತ್ತೀಚಿನ ದಶಕಗಳಲ್ಲಿ ಇವರ ಭಾಗ ಬೆಳೆದು ಬೆಳೆದು ಕಥೆಯನ್ನೇ ಪಕ್ಕಕ್ಕೆ ಸರಿಸುವಷ್ಟು ಉದ್ದವಾಗಿದೆ ಎಂದು ಅಲ್ಲಿಯ ಹಿರಿಯರು ಗೊಣಗುತ್ತಾರಂತೆ. ಎಂಥ ಪುಣ್ಯ ಎಂದು ಮೊದಲು ಅನ್ನಿಸಿತು.

ಆದರೆ ಒಂದು ಮುಖ್ಯವಾದ ವ್ಯತ್ಯಾಸವಿದೆ. ಜಾವಾದಲ್ಲಿ ಗೊಂಬೆ ಆಡಿಸುವವನು, ದಲಾಂಗ್, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಾನೆ, ಬಹುಪಾಲು ಗಂಡಸರೇ. ಹೆಂಗಸರು ಪಕ್ಕದಲ್ಲಿ ಸಾಲಾಗಿ ಕೂತು ಹಾಡುತ್ತಾರೆ. ಲಿಂಬುಕಳ ಮದುವೆಯ ಆತುರ, ಅವಳ ದಪ್ಪ ಮೈಯ ತಮಾಷೆ ಬರುವುದು ಗಂಡಸಿನ ಬಾಯಿಂದ. ಬಂಗಾರಕ್ಕನ ಮಾತು ಹೆಂಗಸಿನ ಬಾಯಿಂದ ಬರುತ್ತದೆ. ಅಂದು ಎಮ್ಮೆಯ ಪ್ರಶ್ನೆಯನ್ನು ಗಂಡಸು ಹೆಣ್ಣು ಧ್ವನಿ ತೆಗೆದು ಕೇಳಿದ್ದರೆ ಅದು ಹೆಂಡತಿಯರ ಮೇಲಿನ ಹಾಸ್ಯವಾಗುತ್ತಿತ್ತು. ಕೂಸನ್ನು ಮಡಿಲಲ್ಲಿ ಹಾಕಿಕೊಂಡವಳು ಕೇಳಿದ್ದರಿಂದ ಅದು ಪ್ರಶ್ನೆಯಾಗಿ ಉಳಿಯಿತು. ಪಾತ್ರ ಎಂದರೆ ಬರೀ ಆಕಾರ, ಬಣ್ಣಗಳಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬಂಗಾರಕ್ಕನ ಮೈಯನ್ನು ಮಾಡಿದವರು ಅವಳನ್ನು ನೋಡಿ ನಗಲೆಂದು ಮಾಡಿದರು. ಬಾಯಿ ಕೊಟ್ಟವಳು ಬೇರೆ.

ಈಗ ನಮ್ಮ ಪೇಟೆಯ ಆಟಗಳಿಗೆ ಬರೋಣ. ತುಮಕೂರಿನಲ್ಲಿಯೇ ಒಂದು ಸಭಾಂಗಣದಲ್ಲಿ ಕೆಲವು ವರ್ಷಗಳ ಹಿಂದೆ ನೋಡಿದ ಆಟ ಇದು. ಕರೆಸಿದವರು ನಲವತ್ತೈದು ನಿಮಿಷ ಕೊಟ್ಟಿದ್ದರು. ಅದರಲ್ಲಿ ಅತಿಥಿಗಳ ಭಾಷಣಕ್ಕೆ ಇಪ್ಪತ್ತು ಹೋಯಿತು. ಉಳಿದದ್ದರಲ್ಲಿ ಲಂಕಾದಹನ. ಹನುಮಂತ ಬಂದ, ಬಾಲಕ್ಕೆ ಬೆಂಕಿ ಬಿತ್ತು, ಮಕ್ಕಳು ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಆ ಜೋಡಿ ಬರಲೇ ಇಲ್ಲವಲ್ಲ ಎಂದು ಮೇಳದ ಯಜಮಾನರನ್ನು ಕೇಳಿದೆ. "ಬ್ಯಾಡ ಅಂದ್ರು ಕಣಮ್ಮ, ಇಸ್ಕೂಲ್ ಮಕ್ಳವ್ರೆ ಅಂತ," ಎಂದರು. ಪಕ್ಕದಲ್ಲಿ ಗೊಂಬೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದ ಅವರ ಹೆಂಡತಿ ಮಾತಾಡಲಿಲ್ಲ. ಬಂಗಾರಕ್ಕನನ್ನು ಬಿಟ್ಟರೆ ಲಂಕಾದಹನದ ಆ ತುಂಡಿನಲ್ಲಿ ಆಕೆಗೆ ಉಳಿದದ್ದು ಅಶೋಕವನದ ಎರಡು ಸಾಲು. ಕತ್ತರಿ ಹಾಕಿದವರು ಒಂದು ಗೊಂಬೆಯನ್ನು ಮಾತ್ರ ತೆಗೆದೆವು ಎಂದುಕೊಂಡರು. ತೆಗೆದದ್ದು ಆಕೆಯ ಅರ್ಧ ಕಸುಬನ್ನು.

ಇದಕ್ಕಿಂತ ನಯವಾದ ಇನ್ನೊಂದು ದಾರಿಯಿದೆ. ಬಂಗಾರಕ್ಕನನ್ನು ಓಡಿಸುವುದಿಲ್ಲ, ಬುದ್ಧಿವಂತೆ ಮಾಡುತ್ತಾರೆ. ಅವಳು ಬಂದು ಶೌಚಾಲಯ ಕಟ್ಟಿಸಿ, ಮಗುವಿಗೆ ಲಸಿಕೆ ಹಾಕಿಸಿ, ಇಬ್ಬರೇ ಸಾಕು ಎಂದು ಗಂಡನಿಗೆ ತಿಳಿಹೇಳುತ್ತಾಳೆ. ಜಾವಾದಲ್ಲೂ ಸುಹಾರ್ತೋ ಅವರ ಕಾಲದಲ್ಲಿ ಗೊಂಬೆಗಳ ಬಾಯಿಂದ ಕುಟುಂಬ ಯೋಜನೆಯ ಮಾತು ಆಡಿಸಿದ್ದರು. ಸಂದೇಶ ಕೆಟ್ಟದ್ದಲ್ಲ, ಅದೇ ಸಂದೇಶವನ್ನು ಜನಗಣತಿಗೆ, ಪಲ್ಸ್ ಪೋಲಿಯೋಗೆ ಎಂದು ಮನೆಮನೆ ತಿರುಗಿದ ನಾವು ಶಿಕ್ಷಕಿಯರೂ ಹೇಳಿದವರೇ. ಹೊಸ ಕಥೆ ತರಬಾರದೆಂದೂ ನಾನು ಹೇಳುತ್ತಿಲ್ಲ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದ ಕಥೆಯನ್ನೇ ತೊಗಲುಗೊಂಬೆಗೆ ತಂದು ಗೆದ್ದರು. ಅವರು ಹೊಸ ಕಥೆಗೆ ಹೊಸ ಗೊಂಬೆ ಮಾಡಿದರು. ಬಂಗಾರಕ್ಕನ ವಿಷಯದಲ್ಲಿ ಆಗುತ್ತಿರುವುದು ಹಳೆಯ ಗೊಂಬೆಗೆ ಕರಪತ್ರ ಅಂಟಿಸುವ ಕೆಲಸ. ಪ್ರಶ್ನೆ ಕೇಳುವುದು ಅವಳ ಸ್ವಭಾವ. ಶೌಚಾಲಯದ ದುಡ್ಡು ಎಲ್ಲಿಗೆ ಹೋಯಿತು, ನೀರು ಹೊರುವವರು ಯಾರು ಎಂದು ಅವಳು ಕೇಳುವ ಹಾಗಿದ್ದರೆ ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಉತ್ತರ ಬಾಯಿಪಾಠ ಮಾಡಿಕೊಂಡು ಬಂದ ಬಂಗಾರಕ್ಕ ನನ್ನ ತರಗತಿಯ ಮೊದಲ ಬೆಂಚಿನ ಹುಡುಗಿಯ ಹಾಗೆ. ಒಳ್ಳೆಯವಳು, ಆದರೆ ಹಿಂದಿನ ಬೆಂಚಿನವಳು ರಜೆ ಹಾಕಿದ ದಿನ ಪಾಠವೇ ಸಪ್ಪೆ.

2025ರಲ್ಲಿ ಕೊಪ್ಪಳದ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಪತ್ರಿಕೆಯಲ್ಲಿ ಅವರ ಭಾವಚಿತ್ರ ನೋಡಿ ಬಹಳ ಹೊತ್ತು ಹಾಗೇ ಕೂತಿದ್ದೆ. ಪರದೆಯ ಹಿಂದೆ ಕತ್ತಲಲ್ಲಿ ಕೂತ ಹೆಂಗಸಿನ ಮುಖ ಕೊನೆಗೂ ದೇಶಕ್ಕೆ ಕಂಡಿತು. ಹಲವು ದೇಶಗಳಲ್ಲಿ ಆಟ ಆಡಿ ಬಂದವರು, ಅಷ್ಟು ವರ್ಷ ಆ ಕಲೆಯನ್ನು ಕೈಬಿಡದೆ ಹಿಡಿದವರು. ಸಂತೋಷದ ಹಿಂದೆಯೇ ಒಂದು ಅನುಮಾನವೂ ಬಂತು. ಪರದೆಯ ಹಿಂದಿನ ಹೆಂಗಸನ್ನು ಸನ್ಮಾನಿಸುವ ನಾವೇ ಪರದೆಯ ಮೇಲಿನ ಹೆಂಗಸನ್ನು ಬೇಡ ಎನ್ನುತ್ತಿದ್ದೇವಲ್ಲ? ಸೀತೆಯ ಹಾಡನ್ನು ಧ್ವನಿಮುದ್ರಿಸಿ ಇಡುವವರು ಸಿಗುತ್ತಾರೆ. ಹಾಡಿಗೆ ಪಾಠ ಇರುತ್ತದೆ, ರಾಗ ಇರುತ್ತದೆ, ಬರೆದುಕೊಳ್ಳಬಹುದು. ಬಂಗಾರಕ್ಕನ ಮಾತು ಆಯಾ ಊರಿನ ಆಯಾ ರಾತ್ರಿಯದು. ಆ ಊರಿನ ಅಂಗಡಿ ಬಾಕಿ, ಆ ವರ್ಷದ ಮಳೆ, ಎದುರಿಗೆ ಕೂತ ಗೌಡರ ಸೊಸೆಯ ಮುಖ ನೋಡಿ ಹುಟ್ಟುವ ಮಾತು. ಅದನ್ನು ಆಡುವುದನ್ನು ನಿಲ್ಲಿಸಿದ ದಿನವೇ ಅದು ಹೋಗುತ್ತದೆ, ಕಾಗದದಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಶ್ರಮದಿಂದ ಉಳಿದ ತೊಗಲುಗೊಂಬೆಗಳನ್ನು ನೋಡಿ ಬನ್ನಿ, ಕಣ್ಣು ತುಂಬುತ್ತದೆ. ಆದರೆ ಗೋಡೆಗೆ ಒರಗಿದ ಸೀತೆ ಮೌನವಾಗಿದ್ದರೂ ಸೀತೆಯೇ. ಮಾತಿಲ್ಲದ ಬಂಗಾರಕ್ಕನಲ್ಲಿ ಉಳಿಯುವುದು ನಗೆಪಾಟಲಿನ ಆ ಮೈ ಮಾತ್ರ.

ಮಹಿಳಾ ಸಮಾಜಗಳು, ಶಾಲೆಗಳು, ಬಡಾವಣೆಯ ಗಣೇಶೋತ್ಸವದವರು ಆಗಾಗ ಇಂಥ ಮೇಳಗಳನ್ನು ಕರೆಸುತ್ತಾರೆ. ನನ್ನ ಸ್ನೇಹಿತೆಯರು ಹಲವರು ಆ ಸಮಿತಿಗಳಲ್ಲಿದ್ದಾರೆ, ಈ ಪುಸ್ತಕ ಓದುವ ನಿಮ್ಮಲ್ಲೂ ಇರುತ್ತೀರಿ. ಮುಂದಿನ ಸಲ ಕರೆಸಿದಾಗ ಎರಡು ಗಂಟೆಯಾದರೂ ಕೊಡಿ, ಭಾಷಣ ಬೇಕಿದ್ದರೆ ಆಟ ಮುಗಿದ ಮೇಲೆ ಇಟ್ಟುಕೊಳ್ಳಿ. ಯಾವ ಮಾತು ಬೇಡ ಎಂದು ಮೊದಲೇ ಪಟ್ಟಿ ಕೊಡಬೇಡಿ. ಸಭೆಯಲ್ಲಿ ಮಕ್ಕಳಿದ್ದಾರೋ ಮುದುಕಿಯರಿದ್ದಾರೋ ನೋಡಿಕೊಂಡು ಮಾತಾಡುವ ವಿವೇಕ ಆ ಹೆಂಗಸಿಗೆ ನಮಗಿಂತ ಚೆನ್ನಾಗಿದೆ. ಹೊಡೆತದ ಭಾಗ ನಿಮಗೂ ಹಿಡಿಸದಿದ್ದರೆ ಅದನ್ನು ಆಕೆಯ ಹತ್ತಿರವೇ ಕೂತು ಹೇಳಿ, ಯಜಮಾನರಿಗೆ ಚೀಟಿ ಕಳಿಸಬೇಡಿ. ಮೈಕಿನ ವಿಷಯವನ್ನೂ ಸ್ವಲ್ಪ ನೋಡಿಕೊಳ್ಳಿ. ನಾನು ನೋಡಿದ ಪೇಟೆಯ ಆಟಗಳಲ್ಲೆಲ್ಲ ಪರದೆಯ ಹಿಂದೆ ಒಂದೇ ಮೈಕು, ಅದೂ ಭಾಗವತರ ಬಾಯಿಗೆ ಸರಿಯಾಗಿ ಕಟ್ಟಿರುತ್ತಾರೆ. ಆಕೆ ಎಡಗಡೆ, ಹಾರ್ಮೋನಿಯಮ್ಮಿನ ಆಚೆ, ನೆಲದ ಮೇಲೆ ಕೂತಿರುತ್ತಾಳೆ. ಅಲ್ಲಿಗೂ ಒಂದು ಇಡಿಸಿ.